ಮೊದಲ ಕ್ಯಾನಿನ ಗೆರೆ

ಗೆರೆ ಬಂದರೆ ಒಳ್ಳೆಯದು, ಬರದಿದ್ದರೆ ಕೆಟ್ಟದ್ದು. ಇಷ್ಟೇ ಇಷ್ಟು ವಿಷಯವನ್ನು ನಮ್ಮೂರಿನ ಹಾಲಿನ ಡೈರಿಯ ಬಾಗಿಲಲ್ಲಿ ನಿಂತು ನಾನು ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ. ಹೇಳಿದ ಮರುದಿನವೇ ಯಾರಾದರೊಬ್ಬರು ಮೇಜಿನ ಮೇಲೆ ಬಗ್ಗಿ ನೋಡಿ, ‘ಅಯ್ಯೋ, ಗೆರೆ ಬಂದ್ಬುಡ್ತಲ್ಲವ್ವ, ಆಲು ಕೆಟ್ಟೋಯ್ತಾ?’ ಎಂದು ಕೇಳುತ್ತಿದ್ದರು. ಹೆಂಗಸರಂತೂ ಹಾಲು ಪರೀಕ್ಷೆ ಮಾಡುವ ಆ ಕಾಗದದ ಪಟ್ಟಿ ಕಂಡ ಕೂಡಲೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಬಸುರಿಯೋ ಅಲ್ಲವೋ ಎಂದು ನೋಡುವ ಪಟ್ಟಿಯೂ ಹೀಗೇ ಇರುತ್ತದಲ್ಲ, ‘ಏನವ್ವ, ಕ್ಯಾನು ಬಸ್ರಿಯಾಯ್ತಾ?’ ಎಂದು ಅವರ ತಮಾಷೆ. ಬೆಳಗಿನ ಆರು ಗಂಟೆಗೆ, ಒಂದು ಲೋಟ ಕಾಫಿಯೂ ಒಳಗೆ ಹೋಗಿರದ ಹೊತ್ತಿನಲ್ಲಿ, ಈ ತಮಾಷೆ ಕೇಳಿ ನಗುವಷ್ಟು ಸಹನೆ ನನಗೆ ಯಾವತ್ತೂ ಇರಲಿಲ್ಲ.

ನಾನು ಡೈರಿಯ ಟೆಸ್ಟರು. ನಂಜನಗೂಡಿನ ಕಡೆ ಹದಿನಾರು ಅನ್ನುವ ಊರಿನಿಂದ ಸ್ವಲ್ಪ ಮುಂದೆ, ನಾಲೆಯ ಪಕ್ಕದ ಊರು ನಮ್ಮದು. ದಿನಕ್ಕೆರಡು ಹೊತ್ತು ಬಾಗಿಲು ತೆಗೆದು, ಬಂದವರ ಹಾಲನ್ನು ಅಳೆದು, ಒಂದೊಂದು ಸಣ್ಣ ಬಾಟಲಿಗೆ ಸ್ಯಾಂಪಲ್ಲು ತೆಗೆದು, ಮಿಷನ್ನಿಗೆ ಕೊಟ್ಟು, ಜಿಡ್ಡು ಎಷ್ಟಿದೆ ಎಂದು ಬರೆದು, ಕ್ಯಾನಿಗೆ ಸುರಿಸಿ ಲಾರಿಗೆ ಹತ್ತಿಸುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಹಾಲಿಗೆ ನೀರು ಬೆರೆಸಿದವರ ಮುಖವನ್ನು ಹಾಲಿನ ಸೊಂಬು ಮುಂದಿಡುವ ಮೊದಲೇ ಗುರುತು ಹಿಡಿಯಬಲ್ಲೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದವಳು. ಊರಿನವರು ನನ್ನ ಬಾಯಿಗೆ ಹೆದರುತ್ತಾರೆ. ಹೆದರಲಿ ಎಂದೇ ನಾನೂ ಇದ್ದೆ.

ಅಂಥದರಲ್ಲಿ ಮೈಸೂರಿನ ಕಾಲೇಜೊಂದರ ಹುಡುಗಿ ಬಂದಳು. ಸಂಶೋಧನೆ ಮಾಡುವವಳು. ಹಸುವಿಗೆ ಕೆಚ್ಚಲು ಬಾವು ಬಂದಾಗ ಕೊಡುವ ಆಂಟಿಬಯೋಟಿಕ್ ಔಷಧಿ ಹಾಲಿನಲ್ಲಿ ಉಳಿದುಬಿಡುತ್ತದೆ, ಅದನ್ನು ದಿನಾ ಕುಡಿದರೆ ಜನಕ್ಕೆ ಕಾಯಿಲೆ ಬಂದಾಗ ಔಷಧಿ ನಾಟದ ಹಾಗಾಗುತ್ತದೆ, ಅದನ್ನು ಕಂಡುಹಿಡಿಯಲು ಕಡಿಮೆ ಖರ್ಚಿನ ಸೆನ್ಸರ್ ಮಾಡಿದ್ದೇವೆ, ನಿಮ್ಮಂಥ ಡೈರಿಗಳಲ್ಲಿ ಪ್ರಯೋಗ ಮಾಡಬೇಕು ಎಂದಳು. ತರಬೇತಿಗೆ ಅಂತ ಸುತ್ತಲಿನ ಊರುಗಳ ಟೆಸ್ಟರುಗಳನ್ನೆಲ್ಲ ತಿ. ನರಸೀಪುರಕ್ಕೆ ಕರೆಸಿದರು. ಇಡೀ ದಿನ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಚಿತ್ರದಲ್ಲಿದ್ದ ಡೈರಿಯಲ್ಲಿ ಬಿಳಿ ಕೋಟು ಹಾಕಿದವರು ಮೂರು ಜನ, ಹಾಲು ತಂದವನು ಒಬ್ಬನೇ. ನನಗೆ ಅಲ್ಲೇ ಮೈಯೆಲ್ಲ ಉರಿಯಿತು. ನಮ್ಮ ಡೈರಿಯಲ್ಲಿ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ.

ಕೊಟ್ಟಿದ್ದು ಇಷ್ಟು: ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ, ಒಂದು ಪೊಟ್ಟಣ ಕಾಗದದ ಪಟ್ಟಿ. ಪಟ್ಟಿಯ ತುದಿಗೆ ಹಾಲು ಮುಟ್ಟಿಸಿ ಯಂತ್ರದೊಳಗಿಟ್ಟರೆ ಅದು ಹದವಾಗಿ ಬಿಸಿಯಾಗಿ, ಹತ್ತು ನಿಮಿಷಕ್ಕೆ ಎರಡು ಕೆಂಪು ಗೆರೆ ಮೂಡಬೇಕು. ಒಂದು ಗೆರೆ ಯಾವಾಗಲೂ ಬರುತ್ತದೆ, ಪಟ್ಟಿ ಸರಿಯಿದೆ ಎಂದು ಹೇಳಲು. ಎರಡನೆಯದು ಬಂದರೆ ಹಾಲು ಶುದ್ಧ. ಬರದಿದ್ದರೆ ಹಾಲಿನಲ್ಲಿ ಔಷಧಿ ಇದೆ. ತೆಳ್ಳಗೆ ಬಂದರೂ ಅನುಮಾನವೇ, ಆ ಹಾಲನ್ನು ತೆಗೆದುಕೊಳ್ಳಬಾರದು.

ಹತ್ತು ನಿಮಿಷ! ಸಾಲಿನಲ್ಲಿ ನಿಂತವರಿಗೆ ಅರ್ಧ ನಿಮಿಷ ತಡವಾದರೆ ಸೊಂಬನ್ನು ಕಟ್ಟೆಗೆ ಕುಟ್ಟಲು ಶುರುಮಾಡುತ್ತಾರೆ. ಒಬ್ಬೊಬ್ಬರ ಹಾಲಿಗೂ ಹತ್ತು ನಿಮಿಷ ಅಂದರೆ ಬೆಳಗಿನ ಹಾಲು ಮುಗಿಯುವಷ್ಟರಲ್ಲಿ ಸಂಜೆಯ ಹಾಲು ಬಂದು ನಿಂತಿರುತ್ತದೆ. ಪಟ್ಟಿಗಳೂ ಅಷ್ಟಿರಲಿಲ್ಲ. ಹುಡುಗಿಗೆ ಇದನ್ನು ಹೇಳಿದರೆ ಅವಳು ಪುಸ್ತಕದಲ್ಲಿ ಬರೆದುಕೊಂಡು, ‘ಫೀಡ್‌ಬ್ಯಾಕ್ ತುಂಬಾ ಚೆನ್ನಾಗಿದೆ ಮೇಡಂ’ ಅಂದಳು. ಚೆನ್ನಾಗಿದೆಯಂತೆ. ಕೊನೆಗೆ, ಒಬ್ಬೊಬ್ಬರದು ಬೇಡ, ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಕ್ಯಾನು ತುಂಬಿದ ಮೇಲೆ ಕ್ಯಾನಿಗೊಂದು ಪಟ್ಟಿ ಹಾಕಿ ಎಂದು ತೀರ್ಮಾನವಾಯಿತು. ಪಟ್ಟಿಗಳನ್ನು ತಂಪಿನಲ್ಲಿ ಇಡಬೇಕಂತೆ. ಡೈರಿಯಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ನಮ್ಮ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕದಲ್ಲೇ ಇಟ್ಟೆ.

ಮೊದಲ ಕೆಲವು ವಾರ ಎಲ್ಲ ಕ್ಯಾನಿಗೂ ಎರಡು ಗೆರೆ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಮೊದಲನೇ ಕ್ಯಾನಿಗೆ ಒಂದೇ ಗೆರೆ ಬಂತು. ಪಟ್ಟಿ ಹಾಳಾಗಿರಬೇಕು ಎಂದು ಇನ್ನೊಂದು ಹಾಕಿದೆ. ಮತ್ತೆ ಒಂದೇ. ಎರಡನೇ ಕ್ಯಾನಿಗೆ ಎರಡೂ ಬಂದವು. ಹುಡುಗಿಗೆ ಫೋನು ಮಾಡಿದರೆ, ಆ ಕ್ಯಾನನ್ನು ಲಾರಿಗೆ ಹತ್ತಿಸಬೇಡಿ ಎಂದಳು. ಹತ್ತಿಸದಿದ್ದರೆ ಅದನ್ನು ಇನ್ನೇನು ಮಾಡಲಿ? ಡೈರಿಯ ಹಿಂದಿನ ಗುಂಡಿಗೆ ಒಂದು ಕ್ಯಾನು ಹಾಲನ್ನು ಸುರಿದೆವು. ಬೆಳಿಗ್ಗೆ ಎದ್ದು ಹುಲ್ಲು ಹಾಕಿ, ಬೂಸಾ ಕಲಸಿ ಕರೆದ ಹಾಲು ಮಣ್ಣಿಗೆ ಇಳಿಯುವುದನ್ನು ಊರೆಲ್ಲ ನಿಂತು ನೋಡಿತು. ಮಂಗಳವಾರವೂ ಅದೇ. ಅವತ್ತು ಗುಂಡಿಯ ಸುತ್ತ ನಿಂತವರು ಸುಮ್ಮನಿರಲಿಲ್ಲ. ‘ಯಾರ್ದು ಅಂತ ಏಳು, ನಾವ್ ನೋಡ್ಕತೀವಿ’ ಎಂದು ಕೂಗಿದರು.

ಯಾರದು ಎಂದು ನನಗೆ ಆಗಲೇ ಅನುಮಾನ ಬಂದಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬಳು ಹೆಂಗಸು ಇದ್ದಾಳೆ, ಮೂಲೆಮನೆಯವಳು ಅಂತಲೇ ನಾವು ಕರೆಯುವುದು. ಗಂಡ ಇಲ್ಲ, ಒಂದೇ ಒಂದು ಸೀಮೆ ಹಸು. ಬಾಳೆ ತೋಟದ ಕೂಲಿಗೆ ಹೋಗುವವಳಾದ್ದರಿಂದ ಸಾಲಿನಲ್ಲಿ ದಿನಾ ಮೊದಲು ನಿಲ್ಲುತ್ತಾಳೆ. ಅಂದಮೇಲೆ ಅವಳ ಹಾಲು ಬೀಳುವುದು ಮೊದಲನೇ ಕ್ಯಾನಿಗೆ. ಹಿಂದಿನ ವಾರ ದನದ ಡಾಕ್ಟರ ಬೈಕು ಅವಳ ಮನೆಯ ಮುಂದೆ ನಿಂತಿದ್ದನ್ನು ನಾನೇ ಕಂಡಿದ್ದೆ. ಸಾಲದ್ದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು, ಅದು ನಮ್ಮ ಮನೆಯ ಅಡಿಗೆಮನೆಯಲ್ಲೇ.

ನಮ್ಮ ಬೀದಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪು ಕೇಳಲು ಹೋಗುವುದು ಮೂಲೆಮನೆಗೆ. ಒಂದು ಚಮಚ ಮೊಸರು, ಅಷ್ಟೆ. ಆದರೆ ಅವಳ ಹೆಪ್ಪಿಗೆ ಮೊಸರು ಕಲ್ಲಿನ ಹಾಗೆ ನಿಲ್ಲುತ್ತದೆ, ಹುಳಿಯಾಗುವುದಿಲ್ಲ. ಅವಳೂ ಯಾರಿಗೂ ಇಲ್ಲ ಎನ್ನುವುದಿಲ್ಲ, ದೀಪ ಹಚ್ಚುವುದರೊಳಗೆ ಹೋಗಬೇಕು ಅಷ್ಟೆ. ಆ ಭಾನುವಾರ ನಮ್ಮ ಮನೆಯ ಮೊಸರು ಯಾಕೋ ನೀರು ನೀರಾಗಿತ್ತು. ಸೋಮವಾರ ಸಂಜೆ ಬಟ್ಟಲು ಹಿಡಿದು ಹೋಗಿ ಅವಳಿಂದ ಹೆಪ್ಪು ತಂದು, ನಮ್ಮ ಹಸುವಿನ ಹಾಲು ಕಾಯಿಸಿ ಹಾಕಿದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ನನ್ನ ತಲೆ ಚುರುಕಾಗಿ ಓಡಿತು. ಔಷಧಿ ಇದ್ದ ಕಡೆ ಹೆಪ್ಪು ಕೆಲಸ ಮಾಡುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಸರಿ, ಅವಳ ಹೆಪ್ಪಿನಲ್ಲೇ ಔಷಧಿ ಇದೆ ಎಂದುಕೊಂಡೆ. ಬಟ್ಟಲಿನಲ್ಲಿದ್ದ ಒಂದು ಚಮಚ ಮೊಸರನ್ನು ಅನುಮಾನಿಸಿದವಳು ಪಾತ್ರೆಯ ತುಂಬ ಇದ್ದ ಹಾಲಿನ ಕಡೆ ತಿರುಗಿಯೂ ನೋಡಲಿಲ್ಲ. ತರಬೇತಿಯ ಸರ್ಟಿಫಿಕೇಟು ಮಾತ್ರ ಗೋಡೆಯ ಮೇಲೆ ನೇತಾಡುತ್ತಿತ್ತು.

ಬುಧವಾರ ಬೆಳಿಗ್ಗೆ ಅವಳು ಸೊಂಬು ಮುಂದಿಟ್ಟಾಗ ನಾನು ಅದನ್ನು ಪಕ್ಕಕ್ಕೆ ಸರಿಸಿದೆ. ಎಲ್ಲರೂ ಕೇಳುವ ಹಾಗೆಯೇ, ‘ನಿನ್ನ ಹಾಲು ಬೇಡ. ಔಷಧಿ ಹಾಲು ಸುರಿದು ಊರಿನ ಹಾಲನ್ನೆಲ್ಲ ಗುಂಡಿಗೆ ಹಾಕಿಸ್ತಿದ್ದೀಯ’ ಅಂದೆ.

ಅವಳು ಗಾಬರಿಯಾದಳು. ‘ನನ್ ಅಸೀಗೆ ಏನೂ ಆಗಿಲ್ಲ ಕಣಕ್ಕ. ಡಾಕ್ಟ್ರು ಬಂದಿದ್ದು ಕರೂಗೆ ಜಂತಿನ ಮಾತ್ರೆ ಕೊಡಕೆ. ಬೇಕಾರೆ ನನ್ ಆಲ್ಗೇ ಒಂದು ಕಾಗ್ದ ಆಕಿ ನೋಡು.’

‘ಒಬ್ಬೊಬ್ಬರಿಗೂ ಹಾಕ್ತಾ ಕೂರೋಕೆ ಇದೇನು ಕಡ್ಲೆಪುರಿನಾ? ಅತ್ತ ಸರಿ.’

ಅವಳು ಸೊಂಬು ಎತ್ತಿಕೊಂಡು ಹೋದಳು. ಆದರೆ ಅವತ್ತೂ ಮೊದಲನೇ ಕ್ಯಾನಿಗೆ ಒಂದೇ ಗೆರೆ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ನಿಂತು ಯೋಚನೆ ಮಾಡುತ್ತಿದ್ದರು. ನಾನು ಯೋಚನೆ ಮಾಡಿದ್ದು ಹೀಗೆ: ಇವಳು ತನ್ನ ಹಾಲನ್ನು ಪಕ್ಕದ ಮನೆಯವಳ ಸೊಂಬಿನಲ್ಲಿ ಕಳಿಸುತ್ತಿದ್ದಾಳೆ. ಗುರುವಾರ ಪಕ್ಕದ ಮನೆಯವಳನ್ನೂ ವಾಪಸ್ಸು ಕಳಿಸಿದೆ. ಅವಳು ಮೂಲೆಮನೆಯವಳ ಹಾಗಲ್ಲ, ನನ್ನ ಮನೆತನವನ್ನೆಲ್ಲ ಎತ್ತಿ ಆಡಿ ಹೋದಳು. ಅವತ್ತೂ ಒಂದೇ ಗೆರೆ, ಅವತ್ತೂ ಗುಂಡಿಗೆ ಹಾಲು. ಇಷ್ಟರಲ್ಲಿ ಬೀದಿಯ ಹೆಂಗಸರು ಮೂಲೆಮನೆಗೆ ಬಟ್ಟಲು ಹಿಡಿದು ಹೋಗುವುದನ್ನು ನಿಲ್ಲಿಸಿದ್ದರು. ಅವಳ ಹೆಪ್ಪಿನಲ್ಲಿ ಔಷಧಿ ಇದೆ ಎಂದು ನಲ್ಲಿಯ ಹತ್ತಿರ ಹೇಳಿದವಳು ನಾನೇ. ಹೆಪ್ಪು ಕೇಳಲು ಯಾರೂ ಹೋಗದ ಮನೆ ಅಂದರೆ ನಮ್ಮ ಕಡೆ ಅದು ಮಾತು ಬಿಟ್ಟ ಮನೆಯೇ. ಕೂಲಿಗೆ ಜೊತೆಯಾಗಿ ಹೋಗುತ್ತಿದ್ದವರೂ ಅವಳನ್ನು ಬಿಟ್ಟು ಮುಂದೆ ನಡೆದರು.

ನನಗೆ ಎಲ್ಲರ ಮೇಲೂ ಸಿಟ್ಟು. ಸುಳ್ಳು ಹೇಳುವ ಹೆಂಗಸಿನ ಮೇಲೆ, ಗುಂಡಿಯ ಸುತ್ತ ನಿಂತು ನನ್ನನ್ನೇ ಬೈಯುವ ಗಂಡಸರ ಮೇಲೆ, ಫೋನು ಮಾಡಿದಾಗಲೆಲ್ಲ ‘ಡೇಟಾ ತುಂಬಾ ಇಂಟರೆಸ್ಟಿಂಗ್ ಆಗಿದೆ’ ಎನ್ನುವ ಆ ಹುಡುಗಿಯ ಮೇಲೆ. ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಅವರು ಮೊಸರಿಲ್ಲದ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಲೆ ಬಗ್ಗಿಸಿ ಉಂಡರು. ಪಾಪ, ಇವರೊಬ್ಬರಾದರೂ ಎದುರು ಮಾತಾಡುವುದಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ಶುಕ್ರವಾರ ಬೆಳಿಗ್ಗೆ ಮೂಲೆಮನೆಯವಳು ಮತ್ತೆ ಬಂದಳು. ಸಾಲಿನಲ್ಲಿ ನಿಲ್ಲಲಿಲ್ಲ, ನೇರ ಮೇಜಿನ ಹತ್ತಿರ ಬಂದು ಎರಡು ಪಾತ್ರೆ ಇಟ್ಟಳು. ಒಂದು ಸೊಂಬಿನಲ್ಲಿ ಹಾಲು. ಇನ್ನೊಂದು ಮಣ್ಣಿನ ಕುಡಿಕೆ. ಆ ಕುಡಿಕೆಯನ್ನು ಎತ್ತಿ, ನಾನು ‘ಏಯ್’ ಅನ್ನುವುದರೊಳಗೆ, ನನ್ನ ರಿಜಿಸ್ಟರಿನ ಮೇಲೆಯೇ ಬೋರಲು ಹಿಡಿದಳು. ಒಳಗಿದ್ದ ಮೊಸರು ಅಲುಗಲಿಲ್ಲ. ಒಂದು ಹನಿಯೂ ಬೀಳಲಿಲ್ಲ.

‘ಇದು ನಿನ್ನೆ ಕರ್ದ ಆಲು. ಔಸ್ದಿ ಇರೋ ಆಲ್ಗೆ ಎಪ್ಪಾಕುದ್ರೆ ಇಂಗೆ ನಿಂತದಾ? ನೀನು ಓದ್ದೋಳು, ನೀನೇ ಏಳು.’

ಸಾಲಿನಲ್ಲಿದ್ದವರೆಲ್ಲ ಮೇಜಿನ ಸುತ್ತ ಮುತ್ತಿಕೊಂಡರು. ಹಲ್ಲು ಕಚ್ಚಿಕೊಂಡು ಅವಳ ಸೊಂಬಿನ ಹಾಲಿಗೆ ಒಂದು ಪಟ್ಟಿ ಮುಟ್ಟಿಸಿ ಯಂತ್ರದೊಳಗಿಟ್ಟೆ. ಅವತ್ತು ಹತ್ತು ನಿಮಿಷ ಯಾರೂ ಸೊಂಬು ಕುಟ್ಟಲಿಲ್ಲ. ತೆಗೆದು ನೋಡಿದರೆ ಎರಡು ಗೆರೆ, ಎರಡೂ ಕುಂಕುಮದಷ್ಟು ಕೆಂಪಗೆ. ಪಕ್ಕದ ಮನೆಯವಳ ಹಾಲಿಗೂ ಹಾಕು ಎಂದು ಜನ ಒತ್ತಾಯ ಮಾಡಿದರು. ಅದಕ್ಕೂ ಎರಡು ಗೆರೆ.

‘ಅಂಗಾರೆ ಕ್ಯಾನಲ್ಲಿ ಇನ್ಯಾರ್ದು?’ ಎಂದು ಯಾರೋ ಕೇಳಿದರು.

ಮೂಲೆಮನೆಯವಳು ನನ್ನ ಮುಖವನ್ನೇ ನೋಡುತ್ತಿದ್ದಳು. ‘ಕ್ಯಾನ್ಗೆ ಎಲ್ರಿಗಿಂತ ಮೊದ್ಲು ಬೀಳೋದು ಯಾರ್ ಆಲಕ್ಕ?’ ಅಂದಳು.

ನಮ್ಮ ಡೈರಿಯಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಸಾಲು ಸೇರುವ ಮೊದಲೇ, ಟೆಸ್ಟರ ಮನೆಯ ಹಾಲು ಖಾಲಿ ಕ್ಯಾನಿಗೆ ಬೀಳಬೇಕು. ಬೋಣಿ ಹಾಲು ಅನ್ನುತ್ತೇವೆ. ನನಗಿಂತ ಹಿಂದಿನ ಟೆಸ್ಟರು ಹಾಗೆ ಮಾಡುತ್ತಿದ್ದರು, ಕೆಲಸದ ಜೊತೆಗೇ ಪದ್ಧತಿಯೂ ನನ್ನ ಕೈಗೆ ಬಂತು. ಕ್ಯಾನಿಗೆ ಅರಿಶಿನ ಮುಟ್ಟಿಸಿ, ಕಣ್ಣು ಮುಚ್ಚಿ, ಮನೆಯ ಹಾಲು ಸುರಿದು ದಿನ ಶುರುಮಾಡುತ್ತಿದ್ದೆ. ಅದು ದೇವರ ಕೆಲಸದ ಹಾಗೆ. ಯಾರ ಹಾಲು ಮೊದಲನೇ ಕ್ಯಾನಿನಲ್ಲಿದೆ ಎಂದು ಐದು ದಿನ ತಲೆ ಕೆಡಿಸಿಕೊಂಡವಳಿಗೆ, ದಿನಾ ನನ್ನ ಕೈಯಿಂದಲೇ ಬೀಳುತ್ತಿದ್ದ ಹಾಲು ಒಂದು ಸಲವೂ ನೆನಪಾಗಿರಲಿಲ್ಲ.

ಅವತ್ತಿನ ಸ್ಯಾಂಪಲ್ಲುಗಳ ಸಾಲಿನಲ್ಲಿ ಒಂದನೇ ನಂಬರಿನ ಬಾಟಲಿ ನಮ್ಮದೇ. ಅದನ್ನು ತೆಗೆದು, ಪಟ್ಟಿ ಮುಟ್ಟಿಸಿ, ಒಳಗಿಟ್ಟೆ. ಆ ಹತ್ತು ನಿಮಿಷ ನನ್ನ ಜೀವನದಲ್ಲೇ ಉದ್ದವಾದ ಹತ್ತು ನಿಮಿಷ. ನಮ್ಮದಾಗದಿರಲಿ ಎಂದು ಒಳಗೊಳಗೇ ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ತೆಗೆದು ನೋಡಿದಾಗ ಒಂದೇ ಗೆರೆ ಇತ್ತು. ಇನ್ನೊಂದು ಬರಬೇಕಾದ ಜಾಗ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.

ಯಾರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು, ನಾನೂ ಎದುರು ಕೂಗಬಹುದಿತ್ತು. ‘ಕ್ಯಾನು ಬಸ್ರಿಯಲ್ಲ ಬುಡಿ’ ಎಂದು ಹಿಂದಿನಿಂದ ಒಬ್ಬಳು ಅಂದಳು, ಅದಕ್ಕೂ ಯಾರೂ ನಗಲಿಲ್ಲ. ನಾನು ‘ನಮ್ಮ ಹಾಲು’ ಎಂದೆ. ಕ್ಯಾನನ್ನು ನಾನೇ ಎಳೆದುಕೊಂಡು ಹೋಗಿ ಗುಂಡಿಗೆ ಸುರಿದೆ.

ಮನೆಗೆ ಹೋದಾಗ ಗಂಡ ಕೊಟ್ಟಿಗೆಯಲ್ಲಿದ್ದರು. ನಾನು ಡೈರಿಗೆ ಓಡುವ ಗಡಿಬಿಡಿಯಲ್ಲಿ ಹಾಲು ಕರೆಯುವುದು ಅವರ ಪಾಲಿಗೆ ಬಿಟ್ಟಿದ್ದ ಕೆಲಸ. ಹಸುವಿನ ಹಿಂದಿನ ಒಂದು ಮೊಲೆ ಬಾತುಕೊಂಡಿತ್ತು. ಕೇಳಿದೆ. ಶನಿವಾರ ಬಾವು ಕಂಡಿತಂತೆ. ನಂಜನಗೂಡಿನ ಔಷಧಿ ಅಂಗಡಿಯಿಂದ ಮೊಲೆಯೊಳಗೆ ಬಿಡುವ ಟ್ಯೂಬು ತಂದು, ಶನಿವಾರದಿಂದ ದಿನಾ ತಾವೇ ಬಿಡುತ್ತಿದ್ದರಂತೆ. ಖಾಲಿ ಟ್ಯೂಬುಗಳು ಬೂಸಾ ಚೀಲದ ಹಿಂದೆ ಬಿದ್ದಿದ್ದವು.

‘ನನಗೆ ಯಾಕೆ ಹೇಳಲಿಲ್ಲ?’ ಎಂದು ಕಿರುಚಿದೆ. ‘ಊರಿಗೆಲ್ಲ ಪರೀಕ್ಷೆ ಮಾಡೋಳು ನಾನು. ನನ್ನ ಮನೇಲೇ ಹೀಗೆ ಮಾಡಿದರೆ?’

ಅವರು ಹಸುವಿನ ಬೆನ್ನು ಸವರುತ್ತಾ ನಿಂತಿದ್ದರು. ‘ಏಳುದ್ರೆ ಇಂಗೇ ಕೂಗಾಡ್ತೀಯ ಅಂತ ಏಳ್ನಿಲ್ಲ ಕಣೇ’ ಅಂದರು. ‘ಎಲ್ಡು ದಿನ್ದಲ್ಲಿ ವಾಸಿಯಾಯ್ತದೆ, ಸುಮ್ಕೆ ಯಾಕೆ ನಿನ್ ಕೈಲಿ ಬಯ್ಸ್ಕಬೇಕು ಅಂತ. ಊರೋರೂ ಅಂಗೇಯ. ಯಾರೂ ನಿಂಗೆ ಏಳಾಕಿಲ್ಲ.’

ಆ ಮಾತು ನಾಟಿತು. ಯಂತ್ರ ಬಂದಾಗಿನಿಂದ ಎಷ್ಟು ಹಸುಗಳಿಗೆ ಬಾವು ಬಂದಿರಬಹುದು, ಒಬ್ಬರಾದರೂ ಬಂದು ‘ಅಕ್ಕ, ಔಷಧಿ ಹಾಕಿಸಿದ್ದೀನಿ, ನಾಲ್ಕು ದಿನ ಹಾಲು ತರಲ್ಲ’ ಎಂದು ಹೇಳಿದ್ದರೇ? ಇಲ್ಲ. ಹೇಳಲು ನಾನು ಬಿಟ್ಟಿದ್ದರೆ ತಾನೇ. ಆದರೂ ಅವತ್ತು ಗಂಡನ ಮೇಲೆ ಬಂದ ಸಿಟ್ಟು ಪೂರ್ತಿ ಇಳಿಯಲಿಲ್ಲ. ಇವತ್ತಿಗೂ ಆ ಬೂಸಾ ಚೀಲ ಕಂಡಾಗ ಸ್ವಲ್ಪ ಏರುತ್ತದೆ.

ಮೂಲೆಮನೆಯವಳಿಗೆ ತಪ್ಪಾಯಿತು ಎನ್ನಬೇಕಿತ್ತು. ಒಬ್ಬಳೇ ಇದ್ದಾಗ ಹೇಳಿ ಮುಗಿಸಿದರೆ ನನಗೆ ಸುಲಭ, ಅವಳಿಗೆ ಏನೂ ಪ್ರಯೋಜನವಿಲ್ಲ. ಬಾಯಿಮಾತಿಗಿಂತ ಅವಳಿಗೆ ಬೇಕಾಗಿದ್ದು, ಮತ್ತೆ ಯಾರಾದರೂ ಅವಳ ಬಾಗಿಲಿಗೆ ಬಟ್ಟಲು ಹಿಡಿದು ಹೋಗುವುದು. ಆದ್ದರಿಂದ ಅವತ್ತೇ ಸಂಜೆ, ದೀಪ ಹಚ್ಚುವುದಕ್ಕೆ ಮೊದಲು, ಬೀದಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಹೊತ್ತು ನೋಡಿ, ಅವರ ಮುಂದೆಯೇ ಬಟ್ಟಲು ಹಿಡಿದುಕೊಂಡು ಮೂಲೆಮನೆಗೆ ಹೋದೆ. ಬಾಗಿಲಲ್ಲಿ ನಿಂತು, ‘ತಪ್ಪು ನಂದು ಕಣೆ. ನಿನ್ನ ಹೆಪ್ಪಿಗೆ ಏನೂ ಆಗಿರಲಿಲ್ಲ. ಒಂದು ಚಮಚ ಹೆಪ್ಪು ಕೊಡು’ ಎಂದು ನಲ್ಲಿಯ ಹತ್ತಿರ ನಿಂತವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

ಅವಳು ಕಸಬರಿಗೆ ಕೆಳಗಿಟ್ಟು ಹೊರಗೆ ಬಂದಳು. ‘ಯಾವ್ ಆಲ್ಗೆ ಆಕೀಯೆ?’ ಎಂದು ಕೇಳಿದಳು.

‘ನಮ್ಮನೆ ಹಾಲಿಗೆ.’

‘ಆಗಲ್ಲ ಕಣಕ್ಕ. ಆ ಆಲ್ಗೆ ಆಕುದ್ರೆ ನನ್ ಎಪ್ಪು ಸಾಯ್ತದೆ. ಆಮೇಲೆ ಮೂಲೆಮನೆ ಎಪ್ಪು ಸರಿ ಇಲ್ಲ ಅಂತ ಇನ್ನೊಂದ್ಸಲ ಏಳಿಯೆ. ನಿನ್ ಅಸ ವಾಸಿಯಾಗ್ಲಿ, ಎಲ್ಡು ಗೆರೆ ಬರ್ಲಿ, ಆಮೇಕೆ ಬಾ.’

ನಲ್ಲಿಯ ಹತ್ತಿರ ಒಂದು ಬಿಂದಿಗೆ ತುಂಬಿ ನೀರು ಹೊರಚೆಲ್ಲುತ್ತಿತ್ತು, ಯಾರೂ ತೆಗೆಯಲಿಲ್ಲ. ಅವರೆಲ್ಲರ ಮುಂದೆ ಖಾಲಿ ಬಟ್ಟಲು ಹಿಡಿದುಕೊಂಡು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಬೋಣಿ ಹಾಲು ಅವಳದು. ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ, ಸಾಲಿನ ಮುಂದೆ ಅವಳಿದ್ದಳು, ಕ್ಯಾನು ಖಾಲಿ ಇತ್ತು, ಅಷ್ಟೆ. ಮೊದಲನೇ ಕ್ಯಾನಿಗೆ ಎರಡು ಗೆರೆ ಬಂದವು. ಬೀದಿಯವರ ಬಟ್ಟಲುಗಳು ಎರಡೇ ದಿನದಲ್ಲಿ ಮತ್ತೆ ಅವಳ ಬಾಗಿಲಿಗೆ ಹೋಗತೊಡಗಿದವು.

ನಮ್ಮ ಹಸುವಿಗೆ ಡಾಕ್ಟರನ್ನು ಕರೆಸಿ ತೋರಿಸಿದೆವು. ಹಾಲನ್ನೆಲ್ಲ ನಮ್ಮದೇ ಗೊಬ್ಬರದ ಗುಂಡಿಗೆ ಸುರಿದೆವು. ಔಷಧಿ ನಿಲ್ಲಿಸಿ ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಹಾಲಿಗೆ ಪಟ್ಟಿ ಹಾಕಿದೆ. ಎರಡನೇ ಗೆರೆ ಮೂಡಿತು! ಆ ಪಟ್ಟಿಯನ್ನೇ ಒಂದು ಕೈಯಲ್ಲಿ, ಬಟ್ಟಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೂಲೆಮನೆಗೆ ಹೆಚ್ಚುಕಮ್ಮಿ ಓಡಿದೆ.

ಅವಳು ಪಟ್ಟಿಯನ್ನು ತೆಗೆದುಕೊಂಡು, ಅಂಗಳಕ್ಕೆ ಬಂದು, ಬಿಸಿಲಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿದಳು. ನಾನು ಡೈರಿಯ ಮೇಜಿನ ಹಿಂದೆ ನಿಂತು ನೋಡುವಾಗ ನನ್ನ ಹುಬ್ಬು ಹೇಗಿರುತ್ತದೋ ಅವಳ ಹುಬ್ಬೂ ಹಾಗೇ ಇತ್ತು.

‘ಇದು ವಸಿ ತೆಳ್ಳಗದೆ ಕಣಕ್ಕ’ ಅಂದಳು. ‘ತೆಳ್ಳಗೆ ಬಂದ್ರೂ ಅನ್ಮಾನ್ವೇಯ ಅಂತ ನೀನೇ ಏಳಿದ್ದೆ. ನಾಳಿಕ್ಕೆ ಬಾ.’

ಪಟ್ಟಿಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು. ಬಾಯಿತುಂಬ ಬೈಗುಳ ಬಂದಿತ್ತು, ನಾಲಗೆಯ ತುದಿಯಲ್ಲೇ ಇತ್ತು. ಬಗ್ಗಿ ಇನ್ನೊಂದು ಸಲ ಗೆರೆ ನೋಡಿದೆ. ತೆಳ್ಳಗೇ ಇತ್ತು.

ಮರುದಿನ ಮತ್ತೆ ಹೋದೆ.